ಸಿಪ್ಯಾಪ್ ಯಂತ್ರದ ವರದಿ ಮತ್ತು ವಿಶ್ರಾಂತಿಯ ಅನುಭವ: ಚಾಲನಾ ಅನುಜ್ಞಾ ಪತ್ರದ ಅರ್ಜಿದಾರರಿಗೆ ಮಾಹಿತಿ

ದೇವನಹಳ್ಳಿ ತಾಲ್ಲೂಕಿನಲ್ಲಿ 2008ರ ಮೇ 24ರಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿದ ನಂತರ ಈ ಭಾಗದ ಅನೇಕ ಕುಟುಂಬಗಳಿಗೆ ರಾತ್ರಿ ವೇಳೆಯ ಬಾಡಿಗೆ ವಾಹನ ಚಾಲನೆಯೇ ಜೀವನಾಧಾರವಾಗಿರುತ್ತದೆ. ಮಧ್ಯರಾತ್ರಿ ಹಾಗೂ ನಸುಕಿನ ವಿಮಾನಗಳಿಗೆ ಪ್ರಯಾಣಿಕರನ್ನು ಕರೆದೊಯ್ದು, ಬೆಳಗಿನ ಹೊತ್ತಿನಲ್ಲಿ ಮನೆ ಸೇರಿ, ಹಗಲಿನಲ್ಲಿ ಸಿಕ್ಕಷ್ಟು ನಿದ್ರೆ ಮಾಡುವ ಚಾಲಕರಲ್ಲಿ ಸ್ಲೀಪ್ ಅಪ್ನಿಯಾ, ಅಂದರೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರೂ ಇರುತ್ತಾರೆ. ಇವರ ಪೈಕಿ ವೈದ್ಯರ ಸಲಹೆಯಂತೆ ಸಿಪ್ಯಾಪ್ ಯಂತ್ರವನ್ನು ಬಳಸುತ್ತಿರುವವರು ಅನುಜ್ಞಾ ಪತ್ರದ ನವೀಕರಣದ ಸಮಯದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸಂದೇಹಗಳನ್ನು ಹೊಂದಿರುತ್ತಾರೆ. ಯಂತ್ರದ ವರದಿ ಉತ್ತಮವಾಗಿದ್ದರೂ ಆಯಾಸ ಹೋಗಿಲ್ಲವೆಂಬುದು ಒಂದು. ವರದಿ ಹೇಗೇ ಇರಲಿ, ತಾನು ಚೆನ್ನಾಗಿದ್ದೇನಾದ್ದರಿಂದ ಯಂತ್ರದ ಅವಶ್ಯಕತೆಯೇ ಇಲ್ಲವೆಂಬುದು ಇನ್ನೊಂದು. ಈ ಎರಡೂ ಸಂದೇಹಗಳ ಕುರಿತು ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಯಂತ್ರವು ಮಾಡುವ ಕೆಲಸ

ನಿದ್ರೆಯಲ್ಲಿ ಗಂಟಲಿನ ಮೃದು ಭಾಗಗಳು ಸಡಿಲಗೊಂಡು ಶ್ವಾಸಮಾರ್ಗವು ಮುಚ್ಚಿದಾಗ ಉಸಿರು ನಿಲ್ಲುತ್ತದೆ. ಕನಿಷ್ಠ 10 ಸೆಕೆಂಡುಗಳ ಕಾಲ ಹೀಗೆ ನಿಂತಲ್ಲಿ ಅದನ್ನು ಒಂದು ಅಪ್ನಿಯಾ ಎಂದು ಲೆಕ್ಕಿಸಲಾಗುತ್ತದೆ. ಪ್ರತಿ ಸಲವೂ ಮೆದುಳು ಕ್ಷಣಕಾಲ ಎಚ್ಚರಗೊಂಡು ಉಸಿರಾಟವನ್ನು ಸರಿಪಡಿಸುತ್ತದೆ. ಮಲಗಿದವರಿಗೆ ಅದರ ನೆನಪಿರುವುದಿಲ್ಲ. ಗೊರಕೆ ನಿಂತು, ಮತ್ತೆ ಏದುಸಿರಿನೊಂದಿಗೆ ಆರಂಭವಾಗುವುದನ್ನು ಮೊದಲು ಗಮನಿಸುವವರು ಬಹುಮಟ್ಟಿಗೆ ಮನೆಯವರೇ ಆಗಿರುತ್ತಾರೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸುಲಿವಾನ್ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದ ವಿಧಾನದಂತೆ, ಮುಖವಾಡದ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ ಶ್ವಾಸಮಾರ್ಗವನ್ನು ತೆರೆದಿಡುವುದೇ ಸಿಪ್ಯಾಪ್ ಚಿಕಿತ್ಸೆ. ಯಂತ್ರವು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಮುಖವಾಡ ಮುಖದ ಮೇಲಿರುವಷ್ಟು ಹೊತ್ತು ಮಾತ್ರ ಅದು ಕೆಲಸ ಮಾಡುತ್ತದೆ. ಈ ಒಂದು ಸಂಗತಿಯನ್ನು ಮರೆತಲ್ಲಿ ವರದಿಯನ್ನು ಸರಿಯಾಗಿ ಓದಲು ಸಾಧ್ಯವಾಗುವುದಿಲ್ಲ.

ವರದಿಯಲ್ಲಿನ ಅಂಕಿಗಳು

ವರದಿಯಲ್ಲಿ ಎಲ್ಲರೂ ಮೊದಲು ನೋಡುವುದು ಎ.ಎಚ್.ಐ. ಎಂಬ ಸಂಖ್ಯೆಯನ್ನು. ಒಂದು ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಗಣನೀಯವಾಗಿ ಕುಗ್ಗಿತು ಎಂಬುದನ್ನು ಇದು ತಿಳಿಸುತ್ತದೆ. ವಯಸ್ಕರಲ್ಲಿ 5ಕ್ಕಿಂತ ಕಡಿಮೆ ಇದ್ದಲ್ಲಿ ಸಹಜವೆಂದೂ, 5ರಿಂದ 15ರವರೆಗೆ ಅಲ್ಪ, 15ರಿಂದ 30ರವರೆಗೆ ಮಧ್ಯಮ, 30ಕ್ಕಿಂತ ಹೆಚ್ಚಿದ್ದಲ್ಲಿ ತೀವ್ರ ಪ್ರಮಾಣದ ತೊಂದರೆಯೆಂದೂ ವರ್ಗೀಕರಿಸಲಾಗಿರುತ್ತದೆ.

ಆಸ್ಪತ್ರೆಯಲ್ಲಿ ನಡೆಸುವ ಪೂರ್ಣ ನಿದ್ರಾ ಪರೀಕ್ಷೆಯಲ್ಲಿ ಮೆದುಳಿನ ತರಂಗಗಳು, ರಕ್ತದಲ್ಲಿನ ಆಮ್ಲಜನಕ, ಎದೆಯ ಚಲನೆ ಮುಂತಾದವುಗಳನ್ನು ಏಕಕಾಲಕ್ಕೆ ದಾಖಲಿಸಲಾಗುತ್ತದೆ. ಮನೆಯ ಯಂತ್ರಕ್ಕೆ ಗೊತ್ತಿರುವುದು ಗಾಳಿಯ ಹರಿವು ಮತ್ತು ಒತ್ತಡ ಮಾತ್ರ. ವ್ಯಕ್ತಿಯು ನಿದ್ರಿಸುತ್ತಿದ್ದಾನೆಯೇ ಅಥವಾ ಸೂರು ನೋಡುತ್ತಾ ಮಲಗಿದ್ದಾನೆಯೇ ಎಂಬುದು ಅದಕ್ಕೆ ತಿಳಿಯದು. ಮುಖವಾಡ ಧರಿಸಿ ಒಂದು ಗಂಟೆ ಎಚ್ಚರವಾಗಿದ್ದರೂ ಆ ಗಂಟೆಯೂ ಬಳಕೆಯ ಅವಧಿಗೆ ಸೇರುತ್ತದೆ. ಆದ್ದರಿಂದ ಯಂತ್ರವು ನೀಡುವ ಎ.ಎಚ್.ಐ. ಒಂದು ಅಂದಾಜು. ಬೇರೆ ಬೇರೆ ತಯಾರಕರ ಯಂತ್ರಗಳು ಬೇರೆ ಬೇರೆ ರೀತಿಯಲ್ಲಿ ಲೆಕ್ಕ ಹಾಕುವುದರಿಂದ ಒಬ್ಬರ ವರದಿಯನ್ನು ಇನ್ನೊಬ್ಬರದರೊಂದಿಗೆ ಹೋಲಿಸುವುದು ಸೂಕ್ತವಲ್ಲ.

ಎರಡನೆಯದು ಬಳಕೆಯ ಅವಧಿ. ಇಲ್ಲಿ ಸರಾಸರಿಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಒಬ್ಬ ಚಾಲಕರು 30 ರಾತ್ರಿಗಳ ಪೈಕಿ 20 ರಾತ್ರಿ ಮಾತ್ರ ತಲಾ 6 ಗಂಟೆ ಯಂತ್ರವನ್ನು ಬಳಸಿದ್ದಾರೆಂದು ಭಾವಿಸೋಣ. ಒಟ್ಟು 120 ಗಂಟೆಗಳು. ‘ಬಳಸಿದ ದಿನಗಳ ಸರಾಸರಿ’ 6 ಗಂಟೆ. ‘ಎಲ್ಲಾ ದಿನಗಳ ಸರಾಸರಿ’ 4 ಗಂಟೆ. ಒಂದೇ ವರದಿಯಲ್ಲಿ ಎರಡೂ ಮುದ್ರಿತವಾಗಿರುತ್ತವೆ, ಎರಡೂ ಸರಿಯಾಗಿರುತ್ತವೆ. ಆದರೆ ದೇಹಕ್ಕೆ ದೊರೆತದ್ದು ಎರಡನೆಯದೇ.

ಮೂರನೆಯದು ಗಾಳಿಯ ಸೋರಿಕೆ. ಮುಖವಾಡವು ಸಡಿಲವಾಗಿದ್ದರೆ, ಮೆತ್ತೆ ಹಳೆಯದಾಗಿದ್ದರೆ ಅಥವಾ ಬಾಯಿ ತೆರೆದು ಮಲಗುವ ಅಭ್ಯಾಸವಿದ್ದರೆ ಸೋರಿಕೆ ಹೆಚ್ಚುತ್ತದೆ. ಸೋರಿಕೆ ಮಿತಿಮೀರಿದಾಗ ಒತ್ತಡವು ಸಾಲದೇ ಹೋಗುವುದಲ್ಲದೆ ಯಂತ್ರದ ಲೆಕ್ಕವೂ ತಪ್ಪುತ್ತದೆ. ಹೆಚ್ಚು ಸೋರಿಕೆಯಿರುವ ರಾತ್ರಿಯ ಉತ್ತಮ ಎ.ಎಚ್.ಐ.ಯನ್ನು ನಂಬಲಾಗದು. ಒತ್ತಡದ ಅಂಕಿಗಳನ್ನು ವೈದ್ಯರಿಗೆ ಬಿಡುವುದೇ ಒಳಿತು.

ವರದಿ ಚೆನ್ನಾಗಿದ್ದರೂ ಆಯಾಸವೇಕೆ?

ಇದಕ್ಕೆ ಅತ್ಯಂತ ಸಾಮಾನ್ಯ ಕಾರಣವು ವರದಿಯಲ್ಲಿ ಮುದ್ರಿತವಾಗದ ಗಂಟೆಗಳಲ್ಲಿರುತ್ತದೆ. ಚಿಕಿತ್ಸೆಗೆ ಮುನ್ನ ಗಂಟೆಗೆ 40 ಬಾರಿ ಉಸಿರು ಕಟ್ಟುತ್ತಿದ್ದ ವ್ಯಕ್ತಿಯೊಬ್ಬರು 7 ಗಂಟೆ ನಿದ್ರಿಸಿ, ಮೊದಲ 4 ಗಂಟೆ ಮಾತ್ರ ಮುಖವಾಡ ಧರಿಸಿದರೆಂದು ಇಟ್ಟುಕೊಳ್ಳಬಹುದು. ಯಂತ್ರವು ತೋರಿಸುವ ಎ.ಎಚ್.ಐ. 2. ನೋಡಿದವರೆಲ್ಲರೂ ಮೆಚ್ಚುವಂತಹ ವರದಿ. ಆದರೆ ಲೆಕ್ಕವನ್ನು ಪೂರ್ತಿ ಮಾಡಿದಲ್ಲಿ, 4 ಗಂಟೆಗಳಲ್ಲಿ 8 ಬಾರಿ, ಉಳಿದ 3 ಗಂಟೆಗಳಲ್ಲಿ 120 ಬಾರಿ, ಒಟ್ಟು 128 ಬಾರಿ. ಇದನ್ನು 7 ಗಂಟೆಗಳಿಗೆ ಭಾಗಿಸಿದರೆ ಗಂಟೆಗೆ ಸುಮಾರು 18. ಅಂದರೆ ಆ ರಾತ್ರಿಯ ಒಟ್ಟು ನಿದ್ರೆ ಮಧ್ಯಮ ಪ್ರಮಾಣದ ತೊಂದರೆಯ ವರ್ಗಕ್ಕೇ ಸೇರುತ್ತದೆ. ಜಮೆಯ ಪುಟವನ್ನಷ್ಟೇ ನೋಡಿ ಖರ್ಚಿನ ಪುಟವನ್ನು ತೆರೆಯದಿದ್ದಂತೆ ಇದು. ಇದಲ್ಲದೆ, ಕನಸುಗಳು ಹೆಚ್ಚಾಗಿ ಬೀಳುವ ನಿದ್ರೆಯ ಹಂತವು ನಿದ್ರೆಯ ಕೊನೆಯ ಭಾಗದಲ್ಲಿ ಅಧಿಕವಾಗಿದ್ದು, ಅನೇಕರಲ್ಲಿ ಉಸಿರು ಕಟ್ಟುವುದೂ ಆ ಹಂತದಲ್ಲೇ ಹೆಚ್ಚು. ಮುಖವಾಡವನ್ನು ತೆಗೆದಿಡುವುದೂ ಸಾಮಾನ್ಯವಾಗಿ ಅದೇ ಹೊತ್ತಿನಲ್ಲಿ. ಗ್ರಾಮಗಳಲ್ಲಿ ವಿದ್ಯುತ್ ಕಡಿತವಾದಾಗ ಯಂತ್ರವು ನಿಂತು, ಅರೆನಿದ್ರೆಯಲ್ಲಿ ಮುಖವಾಡ ತೆಗೆದವರು ವಿದ್ಯುತ್ ಬಂದ ನಂತರ ಮತ್ತೆ ಧರಿಸದಿರುವುದೂ ಉಂಟು.

ಎಷ್ಟು ಗಂಟೆ ಬಳಸಿದರೆ ಸಾಕು ಎಂಬ ಪ್ರಶ್ನೆಗೆ ಅಮೆರಿಕದ ಟೆರ್ರಿ ವೀವರ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಉಪಯುಕ್ತ ಉತ್ತರವನ್ನು ನೀಡುತ್ತದೆ. ರೋಗಿಗಳು ತಾವೇ ಹೇಳಿಕೊಳ್ಳುವ ತೂಕಡಿಕೆಯು ರಾತ್ರಿಗೆ ಸುಮಾರು 4 ಗಂಟೆಗಳ ಬಳಕೆಯವರೆಗೆ ಸುಧಾರಿಸುತ್ತಾ ಹೋಗಿತ್ತು. ಪ್ರಯೋಗಾಲಯದಲ್ಲಿ ಅಳೆದ ತೂಕಡಿಕೆಯು 6 ಗಂಟೆಗಳವರೆಗೆ. ದಿನನಿತ್ಯದ ಕಾರ್ಯಸಾಮರ್ಥ್ಯವು 7.5 ಗಂಟೆಗಳವರೆಗೆ. ಅಂದರೆ, 4 ಗಂಟೆ ಬಳಸಿದ ವ್ಯಕ್ತಿಗೆ ತಾನು ಸರಿಹೋದೆನೆಂದು ಅನ್ನಿಸಬಹುದಾದರೂ, ಅಳೆದು ನೋಡಿದಾಗ ಇನ್ನೂ ತೂಕಡಿಕೆ ಉಳಿದಿರಬಹುದು. ಹಲವೆಡೆ ಪ್ರಚಾರದಲ್ಲಿರುವ 4 ಗಂಟೆಗಳ ಮಿತಿಯು ವಿಮೆಗೆ ಸಂಬಂಧಿಸಿದ ಕನಿಷ್ಠ ಮಾನದಂಡವಾಗಿ ಬಂದದ್ದೇ ಹೊರತು, ಅಷ್ಟು ನಿದ್ರೆ ಸಾಕೆಂಬ ಅರ್ಥದ್ದಲ್ಲ.

ನಿದ್ರೆಯ ಅವಧಿಯುದ್ದಕ್ಕೂ ಯಂತ್ರ ಬಳಸಿದ ಮೇಲೂ ಆಯಾಸ ಉಳಿದಿದ್ದಲ್ಲಿ ಬೇರೆ ಕಾರಣಗಳನ್ನು ಹುಡುಕಬೇಕಾಗುತ್ತದೆ. ರಾತ್ರಿ ಪಾಳಿಯವರಲ್ಲಿ ಹಗಲಿನ ನಿದ್ರೆಯೇ 5 ಗಂಟೆ ದಾಟದಿದ್ದರೆ ಯಾವ ಯಂತ್ರವೂ ಅದನ್ನು ಭರ್ತಿ ಮಾಡಲಾರದು. ರಕ್ತಹೀನತೆ, ಥೈರಾಯ್ಡ್ ಕೊರತೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮಾನಸಿಕ ಖಿನ್ನತೆ, ಮಲಗಿದಾಗ ಕಾಲುಗಳಲ್ಲಿ ಚಡಪಡಿಕೆ, ನೆಗಡಿ ಹಾಗೂ ಅಲರ್ಜಿಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಇವೆಲ್ಲವೂ ಇದೇ ಬಗೆಯ ಆಯಾಸವನ್ನು ಉಂಟುಮಾಡುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಸಾಮಾನ್ಯ ರಕ್ತಪರೀಕ್ಷೆ ಹಾಗೂ ವೈದ್ಯರ ವಿಚಾರಣೆಯಿಂದಲೇ ಗುರುತಿಸಬಹುದಾಗಿದೆ. ವರದಿ ಉತ್ತಮವಾಗಿದೆ ಎಂಬ ಕಾರಣಕ್ಕೆ ಆಯಾಸವನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕತಕ್ಕದ್ದಲ್ಲ.

ಚೆನ್ನಾಗಿದ್ದೇನೆ ಎಂಬ ಅನುಭವವನ್ನು ನಂಬಬಹುದೇ?

ಇದು ಹೆಚ್ಚು ಅಪಾಯಕಾರಿಯಾದ ಸಂದರ್ಭವಾಗಿರುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತ ವಯಸ್ಕರಿಗೆ 14 ದಿನಗಳ ಕಾಲ ರಾತ್ರಿಗೆ 4 ಅಥವಾ 6 ಗಂಟೆಗಳಷ್ಟೇ ಮಲಗಲು ಅವಕಾಶ ನೀಡಲಾಗಿತ್ತು. ಅವರ ಗಮನಶಕ್ತಿಯು ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಯಿತು. ಆದರೆ ತಮಗೆ ಎಷ್ಟು ನಿದ್ರೆ ಬರುತ್ತಿದೆ ಎಂದು ಅವರೇ ನೀಡಿದ ಅಂಕಗಳು ಮೊದಲ ಕೆಲವು ದಿನಗಳ ನಂತರ ಹೆಚ್ಚಾಗಿ ಬದಲಾಗಲಿಲ್ಲ. ನಿದ್ರೆಗೆಟ್ಟ ದೇಹವು ಕ್ರಮೇಣ ತನ್ನ ಸ್ಥಿತಿಯನ್ನೇ ಸಹಜವೆಂದು ಭಾವಿಸತೊಡಗುತ್ತದೆ. ವರ್ಷಗಟ್ಟಲೆ ರಾತ್ರಿ ವಾಹನ ಓಡಿಸಿ ಅಭ್ಯಾಸವಾಗಿದೆ ಎಂಬ ಮಾತನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ. ಅಭ್ಯಾಸವಾಗಿರುವುದು ಆಯಾಸದ ಅನುಭವವೇ ಹೊರತು, ಬ್ರೇಕ್ ಒತ್ತಲು ತಗಲುವ ಸಮಯ ಕಡಿಮೆಯಾಗಿರುವುದಿಲ್ಲ.

ಅನುಭವವನ್ನು ಸ್ವಲ್ಪ ಮಟ್ಟಿಗೆ ಅಳೆಯಲು ಮೆಲ್ಬೋರ್ನ್‌ನ ವೈದ್ಯ ಮರ್ರೇ ಜಾನ್ಸ್ 1991ರಲ್ಲಿ ರೂಪಿಸಿದ ಎಪ್‌ವರ್ತ್ ಪ್ರಶ್ನಾವಳಿಯನ್ನು ವೈದ್ಯರು ಬಳಸುತ್ತಾರೆ. ಓದುವಾಗ, ಟಿ.ವಿ. ನೋಡುವಾಗ, ಊಟದ ನಂತರ ಸುಮ್ಮನೆ ಕುಳಿತಾಗ, ವಾಹನವು ದಟ್ಟಣೆಯಲ್ಲಿ ಕೆಲವು ನಿಮಿಷ ನಿಂತಾಗ ಹೀಗೆ 8 ಸಂದರ್ಭಗಳಲ್ಲಿ ತೂಕಡಿಸುವ ಸಾಧ್ಯತೆಗೆ 0ಯಿಂದ 3ರವರೆಗೆ ಅಂಕ ನೀಡಬೇಕು. ಒಟ್ಟು 24ಕ್ಕೆ 10ಕ್ಕಿಂತ ಹೆಚ್ಚು ಬಂದಲ್ಲಿ ಅತಿಯಾದ ತೂಕಡಿಕೆಯೆಂದು ಪರಿಗಣಿಸಲಾಗುತ್ತದೆ. ಅನುಜ್ಞಾ ಪತ್ರ ಕೈತಪ್ಪೀತೆಂಬ ಭಯದಿಂದ ಅಂಕಗಳನ್ನು ಕಡಿಮೆ ಬರೆಯುವ ಸಾಧ್ಯತೆ ಇರುವುದರಿಂದ, ಮನೆಯವರ ಅಭಿಪ್ರಾಯವನ್ನೂ ಪಡೆಯುವುದು ಸೂಕ್ತ. ಟೋಲ್ ಸಾಲಿನಲ್ಲಿ ತೂಕಡಿಸುವುದು, ದಾಟಿ ಬಂದ ಊರಿನ ನೆನಪಿಲ್ಲದಿರುವುದು, ವಾಹನವು ಪಕ್ಕದ ಪಥಕ್ಕೆ ಸರಿಯುವುದು ಇವುಗಳಲ್ಲಿ ಯಾವುದಾದರೂ ಒಂದು ಕಂಡುಬಂದಲ್ಲಿ ಆ ದಿನ ವರದಿಯಲ್ಲಿ ಏನೇ ಇದ್ದರೂ ಚಾಲನೆಯನ್ನು ನಿಲ್ಲಿಸತಕ್ಕದ್ದು.

ಕೈಗಡಿಯಾರ ಹಾಗೂ ಮೊಬೈಲ್‌ಗಳು ತೋರಿಸುವ ನಿದ್ರೆಯ ಅಂಕಗಳು ಸಿಪ್ಯಾಪ್ ವರದಿಗೆ ಬದಲಿಯಾಗುವುದಿಲ್ಲ.

ಇನ್ನು, ಚೆನ್ನಾಗಿರುವಾಗಲೂ ಎ.ಎಚ್.ಐ. ಒಂದೆರಡು ರಾತ್ರಿ ಏರಿದಲ್ಲಿ ಗಾಬರಿಪಡುವ ಅಗತ್ಯವಿಲ್ಲ. ನೆಗಡಿ, ಮದ್ಯಪಾನ, ಅಂಗಾತ ಮಲಗಿದ್ದು, ಸೋರಿಕೆ ಇವು ಕಾರಣಗಳಾಗಿರಬಹುದು. ಎರಡು ಮೂರು ವಾರಗಳ ಕಾಲ ಸತತವಾಗಿ 5ಕ್ಕಿಂತ ಹೆಚ್ಚಿದ್ದಲ್ಲಿ ಮಾತ್ರ ವೈದ್ಯರ ಗಮನಕ್ಕೆ ತರುವುದು. ಒತ್ತಡವನ್ನು ತಾವಾಗಿಯೇ ಬದಲಾಯಿಸಬಾರದು.

ಅನುಜ್ಞಾ ಪತ್ರದ ಅರ್ಜಿ ಮತ್ತು ಘೋಷಣೆ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 15ರಂತೆ, ಸಾರಿಗೆ ವಾಹನದ ಅನುಜ್ಞಾ ಪತ್ರದ ನವೀಕರಣಕ್ಕೆ ಹಾಗೂ 40 ವರ್ಷ ತುಂಬಿದವರ ಯಾವುದೇ ನವೀಕರಣಕ್ಕೆ ವೈದ್ಯಕೀಯ ಪ್ರಮಾಣ ಪತ್ರ (ನಮೂನೆ 1ಎ) ಕಡ್ಡಾಯವಾಗಿರುತ್ತದೆ. 2019ರ ತಿದ್ದುಪಡಿಯ ನಂತರ ಸಾರಿಗೆ ವಾಹನದ ಅನುಜ್ಞಾ ಪತ್ರದ ಅವಧಿಯು ಸಾಮಾನ್ಯವಾಗಿ 5 ವರ್ಷಗಳು. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಸಲ್ಲಿಸಲು ಅವಕಾಶವಿರುವುದರಿಂದ, ಚಿಕಿತ್ಸೆ ಈಗಷ್ಟೇ ಆರಂಭಿಸಿದವರು ಕೊನೆಯ ವಾರದವರೆಗೆ ಕಾಯದೆ, ಮೊದಲೇ ವೈದ್ಯರನ್ನು ಕಂಡು ತಯಾರಾಗಬಹುದಾಗಿದೆ.

ನಮೂನೆ 1ರ ಸ್ವಯಂ ಘೋಷಣೆಯಲ್ಲಿ ಸ್ಲೀಪ್ ಅಪ್ನಿಯಾವನ್ನು ಹೆಸರಿಸಿ ಕೇಳಿರುವುದಿಲ್ಲ. ಆದರೆ ತಮ್ಮ ಚಾಲನೆಯು ಸಾರ್ವಜನಿಕರಿಗೆ ಅಪಾಯಕಾರಿಯಾಗುವಂತಹ ಬೇರೆ ಯಾವುದೇ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಇರುತ್ತದೆ. ತೂಕಡಿಕೆಯೊಂದಿಗಿನ ಸ್ಲೀಪ್ ಅಪ್ನಿಯಾ ಈ ಪ್ರಶ್ನೆಯ ವ್ಯಾಪ್ತಿಗೆ ಬರುತ್ತದೆ. ಅರ್ಜಿದಾರರು ಗಮನಿಸಬೇಕಾದ ಅಂಶವೆಂದರೆ, ಪ್ರಶ್ನೆಯು ಕಾಯಿಲೆಯ ಹೆಸರನ್ನು ಕುರಿತದ್ದಲ್ಲ, ಅಪಾಯವನ್ನು ಕುರಿತದ್ದು. ಕ್ರಮವಾಗಿ ಚಿಕಿತ್ಸೆ ಪಡೆದು ತೂಕಡಿಕೆ ನಿವಾರಣೆಯಾಗಿರುವವರ ಸ್ಥಿತಿಯೂ, ಕಾಯಿಲೆಯನ್ನು ಮರೆಮಾಚಿ ರಾತ್ರಿ ಬಳ್ಳಾರಿ ರಸ್ತೆಯಲ್ಲಿ ವಾಹನ ಓಡಿಸುವವರ ಸ್ಥಿತಿಯೂ ಒಂದೇ ಅಲ್ಲ. ದೈಹಿಕವಾಗಿ ಅಸಮರ್ಥರಾಗಿದ್ದೂ ವಾಹನ ಚಾಲನೆ ಮಾಡುವುದು ಅಧಿನಿಯಮದ ಪ್ರಕರಣ 186ರಂತೆ ದಂಡನೀಯವಾಗಿದೆ.

ಐರೋಪ್ಯ ಒಕ್ಕೂಟವು 2014ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ನಿರೂಪಿಸಲಾಗಿದೆ. ಮಧ್ಯಮ ಅಥವಾ ತೀವ್ರ ಪ್ರಮಾಣದ ಸ್ಲೀಪ್ ಅಪ್ನಿಯಾ ಇರುವವರು ಕಾಯಿಲೆಯ ಹತೋಟಿ, ಚಿಕಿತ್ಸೆಯ ಪಾಲನೆ ಮತ್ತು ತೂಕಡಿಕೆಯಲ್ಲಿನ ಸುಧಾರಣೆ ಈ ಮೂರನ್ನೂ ವೈದ್ಯರ ಅಭಿಪ್ರಾಯದ ಮೂಲಕ ತೋರಿಸಿದಲ್ಲಿ ಅನುಜ್ಞಾ ಪತ್ರ ನೀಡಬಹುದಾಗಿದ್ದು, ಲಾರಿ ಹಾಗೂ ಬಸ್ ಚಾಲಕರಿಗೆ ವರ್ಷಕ್ಕೊಮ್ಮೆಯಾದರೂ ಮರುಪರಿಶೀಲನೆ ವಿಧಿಸಲಾಗಿದೆ. ಇದು ನಮ್ಮ ದೇಶಕ್ಕೆ ಅನ್ವಯಿಸುವುದಿಲ್ಲವಾದರೂ, ವರದಿ ಮತ್ತು ಅನುಭವ ಎರಡನ್ನೂ ಕೇಳಿರುವ ಕ್ರಮವು ಗಮನಾರ್ಹ.

ಸಿಪ್ಯಾಪ್ ಬಳಸುತ್ತಿರುವ ಅರ್ಜಿದಾರರು ನಮೂನೆ 1ಎಗೆ ಸಹಿ ಪಡೆಯಲು ವೈದ್ಯರ ಬಳಿ ಹೋಗುವಾಗ ಕಳೆದ 30ರಿಂದ 90 ದಿನಗಳ ಯಂತ್ರದ ವರದಿ, ಮೂಲ ನಿದ್ರಾ ಪರೀಕ್ಷೆಯ ವರದಿ, ತೆಗೆದುಕೊಳ್ಳುತ್ತಿರುವ ಔಷಧಿಗಳ ವಿವರ ಹಾಗೂ ಎರಡು ವಾರಗಳ ನಿದ್ರೆಯ ದಿನಚರಿಯನ್ನು ಕೊಂಡೊಯ್ಯುವುದು. ದಿನಚರಿಯಲ್ಲಿ ಮಲಗಿದ ಮತ್ತು ಎದ್ದ ಸಮಯ, ಮುಖವಾಡ ತೆಗೆದ ಸಮಯ, ಪಾಳಿಯ ಅವಧಿ ಹಾಗೂ ಎದ್ದಾಗಿನ ಅನುಭವವನ್ನು ಒಂದೊಂದು ಸಾಲಿನಲ್ಲಿ ಬರೆದರೆ ಸಾಕು. ದಿನಚರಿಯನ್ನು ವರದಿಯ ಪಕ್ಕದಲ್ಲಿಟ್ಟು ನೋಡಿದಾಗ, ಆಯಾಸದ ದಿನಗಳು ಮುಖವಾಡ ಬೇಗ ತೆಗೆದ ದಿನಗಳೇ ಅಥವಾ ನಿದ್ರೆಯೇ ಕಡಿಮೆಯಾದ ದಿನಗಳೇ ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ತಾನಾಗಿಯೇ ತಿಳಿದುಬರುತ್ತದೆ. ಹಗಲಿನಲ್ಲಿ ಮಲಗುವವರು ಹಗಲಿನ ನಿದ್ರೆಗೂ ಯಂತ್ರವನ್ನು ಬಳಸತಕ್ಕದ್ದು. ವರದಿಯಲ್ಲಿನ ದಿನಾಂಕವು ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಬದಲಾಗುವ ಯಂತ್ರಗಳಲ್ಲಿ ಹಗಲಿನ ಒಂದೇ ನಿದ್ರೆ ಎರಡು ದಿನಗಳಿಗೆ ಹಂಚಿಹೋಗಿ ಬಳಕೆ ಕಡಿಮೆಯಿದ್ದಂತೆ ಕಾಣಬಹುದು. ಇದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸುವುದು.

ಪರೀಕ್ಷೆಗಾಗಿ ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಂಡು, ಅಗತ್ಯವಿದ್ದಲ್ಲಿ ಅವರ ಶಿಫಾರಸ್ಸಿನೊಂದಿಗೆ ನಿದ್ರಾ ಪರೀಕ್ಷೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬಹುದಾಗಿದೆ. ನವೀಕರಣದ ಅರ್ಜಿಯನ್ನು ಸಾರಥಿ ತಂತ್ರಾಂಶದ ಮೂಲಕ ಸಲ್ಲಿಸುವುದು. ದೇವನಹಳ್ಳಿ (ಕೆಎ-43) ಕಚೇರಿಯ ವ್ಯಾಪ್ತಿಯ ಅರ್ಜಿದಾರರು ಅರ್ಜಿ ತುಂಬುವಾಗ ಅದೇ ಕಚೇರಿಯನ್ನು ಆಯ್ಕೆ ಮಾಡಿಕೊಳ್ಳುವುದು.