ಹೇಳಲಾಗದ ಭಯವನ್ನು ಗುರುತಿಸುವುದು ಹೇಗೆ?

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದುದನ್ನು ಕೋರಮಂಡಲ್ ಭಾಗದ ಹಿರಿಯರು ಬಲ್ಲರು. ಅಂಥ ನಡುಕ, ಅಪಘಾತ, ಆಪ್ತರ ಸಾವು, ಹೊಡೆತ, ಲೈಂಗಿಕ ದೌರ್ಜನ್ಯ ಇವೆಲ್ಲ ಬುದ್ಧಿಮಾಂದ್ಯವುಳ್ಳವರ ಮನಸ್ಸನ್ನೂ ಘಾಸಿಗೊಳಿಸುತ್ತವೆ. ಬುದ್ಧಿ ಕಡಿಮೆಯಾದವರಿಗೆ ಭಯವೂ ಕಡಿಮೆ ಎಂಬುದು ತಪ್ಪು ತಿಳಿವಳಿಕೆ. ಭಯದಿಂದಾಗುವ ಮನೋಭಿಘಾತವನ್ನು ಚರಕಸಂಹಿತೆಯು ಉನ್ಮಾದದ ಕಾರಣಗಳಲ್ಲಿ ಎಣಿಸಿದೆ.

ಇವರಲ್ಲಿ ಆಘಾತವು ಮಾತಿಗಿಂತ ನಡತೆಯಲ್ಲಿ ಕಾಣುತ್ತದೆ: ರಾತ್ರಿ ಬೆಚ್ಚಿ ಏಳುವುದು, ಹಾಸಿಗೆ ಒದ್ದೆಯಾಗುವುದು, ಕಲಿತ ಕೆಲಸವನ್ನು ಬಿಟ್ಟುಬಿಡುವುದು, ಒಬ್ಬರನ್ನು ಕಂಡೊಡನೆ ಅಡಗಿಕೊಳ್ಳುವುದು, ನಡೆದುದನ್ನೇ ಮತ್ತೆ ಮತ್ತೆ ಅಭಿನಯಿಸುವುದು. ಇದನ್ನು ಹಠವೆಂದೋ ಹುಟ್ಟುಗುಣವೆಂದೋ ಬಗೆದು ನಿದ್ರೆಯ ಮಾತ್ರೆಯಿಂದ ಅಡಗಿಸಿದರೆ ಗಾಯ ಹಾಗೆಯೇ ಉಳಿಯುತ್ತದೆ. ದೌರ್ಜನ್ಯ ನಡೆಯುತ್ತಿದ್ದರೆ ಅದೂ ಮುಂದುವರಿಯುತ್ತದೆ.

ಮೊದಲು ಹಲ್ಲುನೋವು, ಕಿವಿನೋವು, ಮಲಬದ್ಧತೆ, ಮೂರ್ಛೆರೋಗಗಳ ತಪಾಸಣೆ ಆಗಬೇಕು. ಬದಲಾವಣೆ ಎಂದು ಆರಂಭವಾಯಿತು, ಅದಕ್ಕೆ ಮುಂಚೆ ಏನು ನಡೆಯಿತು, ಮೊದಲಿನ ಸ್ವಭಾವ ಹೇಗಿತ್ತು ಎಂಬುದನ್ನು ಮನೆಯವರು ಬರೆದಿಡಬೇಕು. ಚಿತ್ರಗಳನ್ನು ತೋರಿಸಿ, ಚಿಕ್ಕ ಮಾತುಗಳಲ್ಲಿ, ಅವಸರವಿಲ್ಲದೆ ಕೇಳಬೇಕು. ಉತ್ತರವನ್ನು ನಾವೇ ಹೇಳಿಕೊಡಬಾರದು. ಪೀಡಿಸುವವರು ಪರಿಚಿತರೇ ಆಗಿರಬಹುದಾದ್ದರಿಂದ ವೈದ್ಯರು ಪ್ರತ್ಯೇಕವಾಗಿಯೂ ಮಾತನಾಡಿಸಬೇಕು.

ಲಕ್ಷಣಗಳು ಒಂದು ತಿಂಗಳು ಮೀರಿದರೆ ಮನೋವೈದ್ಯರನ್ನು ಕಾಣಲೇಬೇಕು. ದೌರ್ಜನ್ಯದ ಸಂಶಯವಿದ್ದರೆ ಒಂದು ದಿನವೂ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯುಂಟು. ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಮಕ್ಕಳ ರಕ್ಷಣೆಗೆ 1098 ಇದೆ.