ಕಾಟಿಯ ಭುಜಕ್ಕೆ ಎಷ್ಟು ತೂಕದ ಗುಂಡು?

ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಪೋರ್ಚುಗೀಸರು ಗೋವಾ ಕಿತ್ತುಕೊಂಡು ಮೂರು ವರ್ಷವಾಗಿತ್ತು. 1513ರ ಡಿಸೆಂಬರಿನಲ್ಲಿ ಅವರ ನಾಯಕ ಅಫೊನ್ಸೊ ಡಿ ಅಲ್ಬುಕರ್ಕ್ ತನ್ನ ದೊರೆ ಮ್ಯಾನುಯೆಲ್‌ಗೆ ಬರೆದ ಕಾಗದದಲ್ಲಿ ಗೋವಾದ ಕೋವಿ ಕಮ್ಮಾರರ ಮಾತು ಬರುತ್ತದೆ. ಇವರು ಬೊಹೀಮಿಯಾದ ಕಮ್ಮಾರರಿಗೆ ಕಡಿಮೆಯಿಲ್ಲ, ನಳಿಗೆಯ ಹಿಂಬದಿಗೆ ತಿರುಪಿನ ಬಿರಡೆ ಕೂರಿಸುವುದನ್ನೂ ಬಲ್ಲರು, ಒಬ್ಬನನ್ನು ನಿಮ್ಮಲ್ಲಿಗೇ ಕಳಿಸುತ್ತಿದ್ದೇನೆ ಎಂಬುದು ಅದರ ಸಾರ. ಬೊಹೀಮಿಯಾ ಎಂದರೆ ಆ ಕಾಲದ ಯುರೋಪಿನಲ್ಲಿ ಕೋವಿಗೆ ಹೆಸರಾದ ನಾಡು. ಆದಿಲ್‌ಶಾಹಿ ಆಳ್ವಿಕೆಯಲ್ಲಿ ಪಳಗಿದ ಕೈಗಳನ್ನು ಅಲ್ಬುಕರ್ಕ್ ಆ ಸಾಲಿಗೆ ಸೇರಿಸಿದ್ದ.

ಆ ಬಿರಡೆ ಸಣ್ಣ ಸಂಗತಿಯಲ್ಲ. ಕೋವಿಯಲ್ಲಿ ಮದ್ದು ಸಿಡಿದಾಗ ಅದರ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳುವಷ್ಟೇ ಜೋರಾಗಿ ಹಿಂದಕ್ಕೂ ಒದೆಯುತ್ತದೆ. ಗುಂಡು ಭಾರವಾದಷ್ಟೂ ಅದು ಜಾಗ ಬಿಟ್ಟು ಕದಲುವುದು ತಡ, ಒಳಗಿನ ಒತ್ತಡ ಹೆಚ್ಚು. ಹಿಂಬದಿ ಭದ್ರವಿಲ್ಲದಿದ್ದರೆ ಈಡು ಹಾರಿಸಿದವನ ಮುಖಕ್ಕೇ ಬರುತ್ತದೆ. 1543ರಲ್ಲಿ ಪೋರ್ಚುಗೀಸರ ಕೋವಿ ಜಪಾನಿನ ತಾನೆಗಾಶಿಮಾ ದ್ವೀಪ ಮುಟ್ಟಿದಾಗ ಅಲ್ಲಿನ ಕಮ್ಮಾರರು ಮಿಕ್ಕಿದ್ದೆಲ್ಲವನ್ನೂ ನೋಡಿ ಮಾಡಿದರಂತೆ, ಈ ತಿರುಪು ಮಾತ್ರ ಕೈಗೆ ಹತ್ತದೆ ಪೇಚಾಡಿದರಂತೆ. ಆ ಜಪಾನಿ ಕೋವಿಯ ಮೂಲ ಗೋವಾ ಮತ್ತು ಮಲಾಕ್ಕಾದ ಕುಲುಮೆಗಳಲ್ಲಿದೆ ಎಂದು ವಾದಿಸುವ ಸಂಶೋಧಕರಿದ್ದಾರೆ. ದೊಡ್ಡ ಪ್ರಾಣಿಗೆ ಯಾವ ತೂಕದ, ಯಾವ ಕಟ್ಟಿನ ಗುಂಡು ಎಂಬ ಪ್ರಶ್ನೆ ಹುಟ್ಟಬೇಕಾದರೆ ಭಾರದ ಗುಂಡನ್ನು ತಾಳುವ ನಳಿಗೆ ಮೊದಲು ಬೇಕಿತ್ತು. ಹಾಗಾಗಿ ಈ ಕಥೆಯನ್ನು ಗೋವಾದಿಂದ ಶುರು ಮಾಡುವುದೇ ಸರಿ ಎಂದು ನನಗನ್ನಿಸುತ್ತದೆ.

ಗೋವಾದ ರಾಜ್ಯಪ್ರಾಣಿ ಕಾಟಿ, ಅಂದರೆ ಕಾಡುಕೋಣ. ಮೊಲೆಂ, ಮಹದಾಯಿ, ನೇತ್ರಾವಳಿಯ ಕಾಡುಗಳಿಂದ ನಮ್ಮ ದಾಂಡೇಲಿ, ಭೀಮಗಡದವರೆಗೆ ಅದಕ್ಕೆ ಗಡಿಯಿಲ್ಲ. ಬಲಿತ ಗಂಡು ಸಾವಿರ ಕಿಲೋ ಮುಟ್ಟುವುದುಂಟು. ಕಾಟಿಯನ್ನು ಪಕ್ಕದಿಂದ ನೋಡಿದರೆ ಬೆನ್ನಿನ ಮೇಲೆ ಎತ್ತರದ ದಿಬ್ಬ ಕಾಣುತ್ತದೆ. ಅದು ಬೆನ್ನುಮೂಳೆಯಿಂದ ಮೇಲೆದ್ದ ಉದ್ದನೆಯ ಎಲುಬುಗಳು, ಅವುಗಳ ಸುತ್ತ ಮಾಂಸ. ಮೈಯ ನಡುಮಧ್ಯಕ್ಕೆ ಕಣ್ಣಿಟ್ಟವನ ಗುರಿ ಈ ದಿಬ್ಬದಿಂದಾಗಿಯೇ ಮೇಲಕ್ಕೆ ಸರಿದುಬಿಡುತ್ತದೆ. ಹೃದಯ ಇರುವುದು ಬಹಳ ಕೆಳಗೆ, ಮುಂಗಾಲುಗಳ ನಡುವೆ. ಅಲ್ಲಿಗೆ ಹೋಗುವ ದಾರಿಯಲ್ಲಿ ದಪ್ಪ ಚರ್ಮ, ಗಟ್ಟಿ ಸ್ನಾಯು, ಹಲಗೆಯಂಥ ಭುಜದ ಎಲುಬು. ಬೇಟೆಯ ಗುಂಡಿನ ಚರಿತ್ರೆಯೆಲ್ಲ ಈ ಅಡ್ಡಿಗಳನ್ನು ದಾಟುವ ಲೆಕ್ಕಾಚಾರವೇ.

ಆರಂಭದಲ್ಲಿ ಇದ್ದದ್ದು ಉರುಟು ಸೀಸ. ಸೀಸ ಕರಗಿಸಿ, ಮೇಲಿನ ಕಸ ತೆಗೆದು, ಇಕ್ಕಳದಂತೆ ತೆರೆದು ಮುಚ್ಚುವ ಅಚ್ಚಿಗೆ ಹೊಯ್ಯುತ್ತಿದ್ದರು. ಆರಿದ ಮೇಲೆ ಬಾಲ ಕತ್ತರಿಸಿ, ಎಣ್ಣೆ ಸವರಿದ ಬಟ್ಟೆಯ ಚೂರಿನಲ್ಲಿಟ್ಟು, ಮೊದಲೇ ಸುರಿದ ಮದ್ದಿನ ಮೇಲೆ ಸಲಾಕೆಯಿಂದ ಜಡಿಯುತ್ತಿದ್ದರು. ಕೋವಿಯ ಅಳತೆಯೂ ಈ ಸೀಸದಿಂದಲೇ ಬಂತು. ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಹೊಂದುವ ಹನ್ನೆರಡು ಉರುಟು ಗುಂಡು ಆಗುವುದಾದರೆ ಅದು 12 ಬೋರ್, ಒಂದೊಂದು ಗುಂಡು ಸುಮಾರು 38 ಗ್ರಾಂ. ಎಂಟಾದರೆ 8 ಬೋರ್, 57 ಗ್ರಾಂ. ನಾಲ್ಕೇ ಆದರೆ 4 ಬೋರ್, ಗುಂಡಿನ ತೂಕ 113 ಗ್ರಾಂ. ಉರುಟು ಗುಂಡಿನ ತೂಕ ಹೆಚ್ಚಿಸಲು ಅಗಲ ಹೆಚ್ಚಿಸದೆ ಬೇರೆ ದಾರಿಯಿಲ್ಲ. ಅಗಲವಾದಷ್ಟೂ ಮಾಂಸದ ತಡೆಯೂ ಹೆಚ್ಚುತ್ತದೆ. ಸುತ್ತಿಗೆಯ ಒಂದೇ ಪೆಟ್ಟಿಗೆ ಮೊಳೆ ಇಳಿದಷ್ಟು ಗೂಟ ಇಳಿಯುವುದಿಲ್ಲ.

ಈ ಕಷ್ಟವನ್ನು ಮೈಸೂರು ಸೀಮೆಯಲ್ಲಿ ಚೆನ್ನಾಗಿ ಅನುಭವಿಸಿ ಬರೆದಿಟ್ಟವನು ಜಿ.ಪಿ. ಸ್ಯಾಂಡರ್ಸನ್. ಚಾಮರಾಜನಗರದ ಸುತ್ತಿನ ಕಾಡಿನಲ್ಲಿ ಖೆಡ್ಡಾ ನಡೆಸಿ ಆನೆ ಹಿಡಿಸಿದ ಅಧಿಕಾರಿ ಈತ. 1878ರಲ್ಲಿ ಬಂದ ಅವನ ಪುಸ್ತಕದಲ್ಲಿ ಕೋವಿಗಳ ವಿಚಾರ ವಿವರವಾಗಿದೆ. 12 ಬೋರಿನಿಂದ ಶುರು ಮಾಡಿ, 4 ಬೋರಿನ ರಾಕ್ಷಸ ಕೋವಿಗಳನ್ನೂ ಹೊತ್ತು, ಕೊನೆಗೆ ಗ್ರೀನರ್ ಕಂಪನಿಯ 8 ಬೋರಿನ ಜೋಡುನಳಿಗೆಗೆ ಬಂದು ನಿಂತ. ಅದೂ ಎಂಟು ಕಿಲೋದ ಹತ್ತಿರ ತೂಗುತ್ತಿತ್ತು. ಅಪ್ಪಟ ಸೀಸ ಆನೆಯ ತಲೆಬುರುಡೆಗೆ ಬಡಿದರೆ ಚಪ್ಪಟೆಯಾಗಿ ಅಲ್ಲೇ ಉಳಿಯುತ್ತದೆ. ಅದಕ್ಕೆಂದು ಆ ಕಾಲದ ಬೇಟೆಗಾರರು ಸೀಸಕ್ಕೆ ತವರವನ್ನೋ ಪಾದರಸವನ್ನೋ ಬೆರೆಸಿ ಗಡಸು ಮಾಡುತ್ತಿದ್ದರು. ತೂಕ ಒಂದರಿಂದಲೇ ಕೆಲಸವಾಗದು, ಗುಂಡು ಯಾವುದರಿಂದ ಆಗಿದೆ ಎಂಬುದೂ ಅಷ್ಟೇ ಮುಖ್ಯ ಎಂಬ ಅರಿವು ಹೀಗೆ ಬಂತು.

1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದು ಲೆಕ್ಕವೇ ಬದಲಾಯಿತು. ವೇಗ ಎಷ್ಟು ಏರಿತೆಂದರೆ ಬರಿ ಸೀಸ ನಳಿಗೆಯೊಳಗಿನ ಸುರುಳಿ ಗೀರುಗಳಲ್ಲೇ ಸವೆದು ಅಂಟಿಕೊಳ್ಳತೊಡಗಿತು. ಸೀಸಕ್ಕೆ ಗಟ್ಟಿ ಲೋಹದ ಕವಚ ತೊಡಿಸಬೇಕಾಯಿತು. ಬ್ರಿಟಿಷ್ ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಕೋವಿಯ ಗುಂಡು 480 ಗ್ರೇನ್, ಅಂದರೆ 31 ಗ್ರಾಂ. ಅದರ ಜಾಗಕ್ಕೆ ಬಂದ .303 (ನಳಿಗೆಯ ಅಗಲ ಇಂಚಿನಲ್ಲಿ) ಕೋವಿಯದು 215 ಗ್ರೇನ್, 14 ಗ್ರಾಂ ಮಾತ್ರ. ಸಪೂರವಾದರೂ ಉದ್ದವಾದ್ದರಿಂದ ಇದು ಆಳಕ್ಕೆ ಇಳಿಯುತ್ತಿತ್ತು, ಎಷ್ಟೋ ಸಲ ಸಣ್ಣ ತೂತು ಮಾಡಿ ಆಚೆ ಹೊರಟೇ ಹೋಗುತ್ತಿತ್ತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಗುಂಡು ತಗುಲಿದವರೂ ಮುನ್ನುಗ್ಗಿ ಬಂದರೆಂದು ದೂರು ಎದ್ದಿತು. ಕಲ್ಕತ್ತೆಯ ಪಕ್ಕದ ದಮ್‌ದಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ಎಂಬಾತ ಕವಚದ ತುದಿ ಬಿಡಿಸಿ ಒಳಗಿನ ಸೀಸ ಕಾಣುವಂತೆ ಮಾಡಿದ. ಮೈಗೆ ತಾಗಿದೊಡನೆ ಆ ತುದಿ ಅಣಬೆಯಾಗಿ ಅರಳಿ ದೊಡ್ಡ ಗಾಯ ಮಾಡುತ್ತಿತ್ತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇದು ಕೂಡದೆಂದಿತು. ಮನುಷ್ಯನ ಮೇಲೆ ಕ್ರೌರ್ಯವೆನಿಸಿದ ಅದೇ ಕಟ್ಟು ಬೇಟೆಯಲ್ಲಿ ಕರುಣೆಯ ಕಡೆಗಿತ್ತು ಎಂದು ನಾನು ನಂಬುತ್ತೇನೆ. ಹುಲಿಯ ಮೈಯನ್ನು ಗಟ್ಟಿ ಗುಂಡು ತೂರಿ ಹೋದರೆ ಹುಲಿ ನಾಲ್ಕು ದಿನ ನರಳುತ್ತದೆ, ಇಲ್ಲವೇ ಕುಂಟಾಗಿ ಬದುಕಿ ದನಕ್ಕೂ ಜನಕ್ಕೂ ಬೀಳುತ್ತದೆ. ತೆಳು ಚರ್ಮದ ಹುಲಿಗೆ ಅರಳುವ ಮೆದು ಮೂತಿಯದು, ಆನೆಯ ಬುರುಡೆಗೆ ತುದಿಯೂ ಮುಚ್ಚಿದ ಗಟ್ಟಿ ಗುಂಡು ಎಂಬುದು ಹಾಗಾಗಿ ರೂಢಿಯಾಯಿತು. ಕಾಟಿಯ ವಿಷಯದಲ್ಲಿ ಮಾತ್ರ ವಾದ ಮುಗಿಯಲಿಲ್ಲ. ಮೆದು ಗುಂಡು ಭುಜದಲ್ಲೇ ಒಡೆದು ಚೂರಾಗಬಹುದು, ಗಟ್ಟಿಯದು ಹಿಂಡಿನಲ್ಲಿ ಆಚೆ ನಿಂತ ಇನ್ನೊಂದಕ್ಕೂ ತಾಗಬಹುದು.

ತೂಕ ನಿಶ್ಚಯಿಸುವುದರಲ್ಲಿ ಪ್ರಾಣಿಯ ಜೊತೆ ಸರ್ಕಾರದ ಭಯಕ್ಕೂ ಪಾಲಿತ್ತು. 1898ರಲ್ಲಿ ರಿಗ್ಬಿ ಕಂಪನಿ ತಂದ .450 ನೈಟ್ರೋ ಎಕ್ಸ್‌ಪ್ರೆಸ್ ದೊಡ್ಡ ಬೇಟೆಗೆ ಹೇಳಿ ಮಾಡಿಸಿದಂತಿತ್ತು. ಆದರೆ ಮಾರ್ಟಿನಿ ಹೆನ್ರಿಯ ಗುಂಡೂ ಹೆಚ್ಚುಕಡಿಮೆ ಅದೇ ಅಗಲದ್ದು. ಶಿಕಾರಿಯ ಹೆಸರಿನಲ್ಲಿ ಬಂದ ಗುಂಡು ದಂಗೆಕೋರರ ಕೈ ಸೇರೀತೆಂದು 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ ಆ ಅಳತೆಯನ್ನೇ ನಿಷೇಧಿಸಿತು. ಲಂಡನ್ನಿನ ಕೋವಿ ಕಂಪನಿಗಳು ಅವಸರದಲ್ಲಿ .465, .470, .475 ಎಂದು ಹೊಸ ಅಳತೆ ಹುಟ್ಟಿಸಿದವು. ಇವುಗಳಲ್ಲಿ .470ಯ ಗುಂಡು 500 ಗ್ರೇನ್, ಹಳೆಯದಕ್ಕಿಂತ ಅಗಲದಲ್ಲಿ ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಇಲ್ಲ. ಇವತ್ತಿಗೂ ಆಫ್ರಿಕಾದಲ್ಲಿ ಆನೆ, ಕಾಡೆಮ್ಮೆಗಳ ಬೇಟೆಗೆ ಬಳಕೆಯಲ್ಲಿರುವ .470 ಹುಟ್ಟಿದ್ದು ಭಾರತದ ಸ್ವಾತಂತ್ರ್ಯ ಹೋರಾಟದ ಭಯದಿಂದ. ಸ್ವತಂತ್ರ ಭಾರತವೂ ಆ ದಾರಿ ಬಿಡಲಿಲ್ಲ. ಸೈನ್ಯದ .303 ಜನಸಾಮಾನ್ಯರಿಗೆ ನಿಷಿದ್ಧ, ಪರವಾನಗಿ ಸಿಗುವುದು ಇಷಾಪುರದ ಕಾರ್ಖಾನೆಯ .315ಕ್ಕೆ.

ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದವರಿಗೆ ಅವನ .405 ವಿಂಚೆಸ್ಟರ್ ಗೊತ್ತಿರುತ್ತದೆ. ಅದರ ಗುಂಡು 300 ಗ್ರೇನ್, 19 ಗ್ರಾಂ ಚಿಲ್ಲರೆ. ನರಭಕ್ಷಕ ಹುಲಿಗೆ, ಹತ್ತಿರದ ಈಡಿಗೆ ಅದು ಸಾಕಾಗಿತ್ತು. ಆ ಕಥೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹುಲಿ ಬೀಳುವ ಗಳಿಗೆಯಲ್ಲ, ಗಾಯಗೊಂಡ ಪ್ರಾಣಿಯ ರಕ್ತದ ಜಾಡು ಹಿಡಿದು ಪೊದೆಗೆ ನುಗ್ಗಲೇಬೇಕೆಂಬ ಹಟ. ಎಷ್ಟೋ ನರಭಕ್ಷಕಗಳ ಮೈಯಲ್ಲಿ ಹಿಂದೆ ಯಾರೋ ಹಾರಿಸಿದ ಗುಂಡಿನ, ಚರೆಯ ಹಳೆಯ ಗಾಯ ಸಿಗುತ್ತಿತ್ತು.

ಗುಂಡಿನ ಕಟ್ಟು ಸುಧಾರಿಸುವ ಕೆಲಸ ಆಮೇಲೆ ಹೊರಗಡೆ ಮುಂದುವರಿಯಿತು. 1946ರಲ್ಲಿ ಕೆನಡಾದಲ್ಲಿ ಹೊಡೆದ ಮೂಸ್ ಎಂಬ ದೊಡ್ಡ ಜಿಂಕೆಯೊಂದು ಬೀಳದೆ ನಿಂತದ್ದನ್ನು ಕಂಡು ಅಮೆರಿಕದ ಜಾನ್ ನಾಸ್ಲರ್ ಒಳಗೆ ತಾಮ್ರದ ಅಡ್ಡಗೋಡೆಯಿರುವ ಗುಂಡು ಮಾಡಿದ. ಗೋಡೆಯ ಮುಂದಿನ ಸೀಸ ಅರಳುತ್ತದೆ, ಹಿಂದಿನದು ಹಾಗೇ ಉಳಿದು ಒಳನುಗ್ಗುತ್ತದೆ. ಕಾಟಿಯ ಭುಜ ಕೇಳುತ್ತಿದ್ದುದು ಇಂಥದ್ದೇ. ಮುಂದೆ ಪೂರ್ತಿ ತಾಮ್ರದ ಗುಂಡುಗಳು ಬಂದವು. ಬೇಟೆಗಾರರು ಬಿಟ್ಟ ಮಾಂಸದೊಳಗಿನ ಸೀಸದ ಚೂರು ತಿಂದು ಕಾಂಡೋರ್ ರಣಹದ್ದುಗಳು ಸಾಯುವುದನ್ನು ಕಂಡ ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸವನ್ನೇ ನಿಲ್ಲಿಸಿತು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೇ ಬಹುಮಟ್ಟಿಗೆ ತೆರೆ ಎಳೆದಿತ್ತು. ಅದು ಆಗಬೇಕಾದದ್ದೇ, ಇನ್ನೂ ಮೊದಲೇ ಆಗಬೇಕಿತ್ತು. ಕಾಟಿ ಇಂದು ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಆದರೂ ತೋಟಕ್ಕೆ ನುಗ್ಗಿದ ಕಾಟಿಗೆ ಬೆಳೆ ರಕ್ಷಣೆಯ ಕೋವಿಯಿಂದ ಚರೆ ಹಾರಿಸಿದರೆ ಏನಾಗುತ್ತದೆಂದು ಮೇಲಿನ ಲೆಕ್ಕವೇ ಹೇಳುತ್ತದೆ. ಹಗುರದ ಚರೆ ಚರ್ಮ ದಾಟಿ ಸ್ನಾಯುವಿನಲ್ಲಿ ಸಿಕ್ಕಿಕೊಳ್ಳುತ್ತದೆ, ಪ್ರಾಣಿ ಸಾಯುವುದಿಲ್ಲ, ಗಾಯ ಕೀವಾಗುತ್ತದೆ. ಮರುವಾರ ಅದೇ ದಾರಿಯಲ್ಲಿ ಹುಲ್ಲಿಗೆ ಹೋದವರ ಮೇಲೆ ಅದು ತಿರುಗಿ ಬೀಳಬಹುದು.

2011ರ ಜನವರಿಯಲ್ಲಿ ಕಾನ್ಹಾ ಕಾಡಿನಿಂದ ಹತ್ತೊಂಬತ್ತು ಕಾಟಿಗಳನ್ನು, ಅವು ಪೂರಾ ಅಳಿದುಹೋಗಿದ್ದ ಬಾಂಧವಗಡಕ್ಕೆ ಸಾಗಿಸಿದರು. ಆಗಲೂ ಕೋವಿ ಎತ್ತಬೇಕಾಯಿತು, ಅದರಲ್ಲಿದ್ದದ್ದು ಅರಿವಳಿಕೆಯ ಸಿರಿಂಜು. ಇಂಥ ಕೆಲಸಕ್ಕೆ ಹೋಗುವ ಪಶುವೈದ್ಯರು ಪ್ರಾಣಿಯ ತೂಕ ಅಂದಾಜಿಸಿ ಔಷಧದ ಪ್ರಮಾಣ, ಚರ್ಮದ ದಪ್ಪ ನೋಡಿ ಸೂಜಿಯ ಉದ್ದ, ದೂರ ಅಳೆದು ಗಾಳಿಯ ಒತ್ತಡ ನಿಗದಿ ಮಾಡುತ್ತಾರೆ. ಒತ್ತಡ ಕಡಿಮೆಯಾದರೆ ಸೂಜಿ ಸ್ನಾಯು ಮುಟ್ಟುವುದಿಲ್ಲ, ಹೆಚ್ಚಾದರೆ ಆಳವಾದ ಗಾಯವಾಗುತ್ತದೆ. ಎಲುಬು ಕಡಿಮೆಯಿರುವ ತೊಡೆಯನ್ನೋ ಭುಜದ ದಪ್ಪ ಮಾಂಸವನ್ನೋ ನೋಡಿ ಗುರಿಯಿಡುತ್ತಾರೆ, ಕಾಟಿ ಪಕ್ಕಕ್ಕೆ ತಿರುಗಿ ನಿಲ್ಲುವವರೆಗೆ ಕಾಯುತ್ತಾರೆ.