ಟಿನ್‌ಟಿನ್‌ನ ಗೆಳೆಯ ಚಾಂಗ್ ಯಾರು?

ಪಾಠಪುಸ್ತಕದ ಮರೆಯಲ್ಲಿ ಚಿತ್ರಕಥೆಯ ಪುಸ್ತಕವನ್ನಿರಿಸಿಕೊಂಡು ಓದುವ ಬಾಲಕರನ್ನು ನಾವು ಪ್ರತಿವರ್ಷವೂ ಹಿಡಿಯುತ್ತೇವೆ. ಹಾಗೆ ಕಸಿದುಕೊಂಡ ಪುಸ್ತಕವನ್ನು ಮನೆಗೊಯ್ದು ನಾವೇ ಓದಿದ್ದುಂಟೆಂದು ಪೋಷಕರ ಮುಂದೆ ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಅವುಗಳಲ್ಲಿ ಬರುವ ಕೆಲವು ಪಾತ್ರಗಳ ಹಿಂದೆ ರಕ್ತಮಾಂಸಗಳುಳ್ಳ ಮನುಷ್ಯರಿದ್ದಾರೆ.

ಬೆಲ್ಜಿಯಂ ದೇಶದ ಜಾರ್ಜ್ ರೆಮಿ ಎಂಬ ಚಿತ್ರಕಾರನು ಎರ್ಜೆ ಎಂಬ ಅಂಕಿತದಿಂದ 1929ರ ಜನವರಿ 10ರಂದು ಟಿನ್‌ಟಿನ್ ಎಂಬ ತರುಣ ವರದಿಗಾರನ ಕಥೆಯನ್ನು ಮಕ್ಕಳ ಪುರವಣಿಯೊಂದರಲ್ಲಿ ಆರಂಭಿಸಿದನು. ಈ ಕಥೆಗಳಲ್ಲಿ ಬರುವ ಕಿವಿ ಮಂದವಾದ ಪ್ರಾಧ್ಯಾಪಕ ಕ್ಯಾಲ್ಕ್ಯುಲಸನಿಗೆ ಮಾದರಿಯಾದವರು, 1931ರಲ್ಲಿ ಬೆಲೂನಿನಲ್ಲಿ ಸುಮಾರು 15,780 ಮೀಟರುಗಳೆತ್ತರಕ್ಕೇರಿದ ವಿಜ್ಞಾನಿ ಆಗುಸ್ತ್ ಪಿಕಾರ್. ಅವರು ಬಹಳ ಎತ್ತರದ ಆಳು. ಚಿತ್ರದ ಚೌಕಟ್ಟಿನಲ್ಲಿ ಹಿಡಿಸುವಂತೆ ಎರ್ಜೆ ಅವರನ್ನು ಗಿಡ್ಡಗೊಳಿಸಿದನಂತೆ!

ಚಾಂಗನ ಕಥೆ ಇದಕ್ಕಿಂತ ಆಳವಾದುದು. ಮೊದಮೊದಲು ಎರ್ಜೆ ತಾನು ಕಾಣದ ನಾಡುಗಳನ್ನು ಕೇಳಿದ ಮಾತಿನ ಮೇಲೆಯೇ ಬರೆಯುತ್ತಿದ್ದನು. ಕಾಂಗೋ ದೇಶದ ಜನರನ್ನು ಅವನು ಚಿತ್ರಿಸಿದ ಬಗೆ ಇಂದು ಓದುವವರಿಗೆ ನಾಚಿಕೆಯನ್ನುಂಟುಮಾಡುತ್ತದೆ. ಟಿನ್‌ಟಿನ್ ಚೀನಕ್ಕೆ ಹೋಗುವನೆಂದು ತಿಳಿದಾಗ, ಲೂವೆನ್ನಿನಲ್ಲಿ ಚೀನೀ ವಿದ್ಯಾರ್ಥಿಗಳ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದ್ದ ಗೊಸೆ ಎಂಬ ಪಾದ್ರಿಗಳು, ಆ ಜನರನ್ನು ಅರಿತು ಬರೆಯಬೇಕೆಂದು ಆತನಿಗೆ ಪತ್ರ ಬರೆದರು. ಇದರ ಫಲವಾಗಿ 1934ರ ಮೇ 1ರಂದು, ಬ್ರಸೆಲ್ಸಿನಲ್ಲಿ ಶಿಲ್ಪಕಲೆಯನ್ನು ಕಲಿಯುತ್ತಿದ್ದ ಜಾಂಗ್ ಚೊಂಗ್‌ರೆನ್ ಆತನ ಮನೆಗೆ ಬಂದನು. ಇಬ್ಬರೂ 1907ರಲ್ಲಿ ಹುಟ್ಟಿದವರು. ಯುರೋಪಿನವರ ನಾಲಗೆಯಲ್ಲಿ ಜಾಂಗನೇ ಚಾಂಗ್ ಆದನು.

ಜಾಂಗನು ತನ್ನ ನಾಡಿನ ಇತಿಹಾಸವನ್ನು, ಕಲೆಯನ್ನು, ಕುಂಚ ಹಿಡಿಯುವ ಕ್ರಮವನ್ನು ಗೆಳೆಯನಿಗೆ ತಿಳಿಸಿದನು. ‘ನೀಲಿ ಕಮಲ’ ಎಂಬ ಕಥೆಯ ಬೀದಿಗೋಡೆಗಳ ಮೇಲಿನ ಚೀನೀ ಬರಹಗಳು ಅವನವೇ. ಓದಬಲ್ಲವರಿಗೆ ಅವುಗಳಲ್ಲಿ ಸಾಮ್ರಾಜ್ಯಶಾಹಿಯನ್ನು ಧಿಕ್ಕರಿಸುವ ಘೋಷಣೆಗಳೂ ಕಾಣುತ್ತವೆ! ಕಥೆಯಲ್ಲಿ ಪ್ರವಾಹದಿಂದ ಪಾರಾದ ಬಾಲಕ ಚಾಂಗನು, ಬಿಳಿಯನೊಬ್ಬನು ತನ್ನನ್ನೇಕೆ ಉಳಿಸಿದನೆಂದು ಬೆರಗಾಗುತ್ತಾನೆ. ಆಗ ಟಿನ್‌ಟಿನ್ ಯುರೋಪಿನವರು ಚೀನೀಯರ ವಿಷಯದಲ್ಲಿ ನಂಬಿದ್ದ ಸುಳ್ಳುಗಳನ್ನು ಒಂದೊಂದಾಗಿ ಹೇಳುತ್ತಾನೆ, ಇಬ್ಬರೂ ನಗುತ್ತಾರೆ. ಆ ಪುಟವನ್ನು ನಾವು ಎರಡು ಬಾರಿ ಓದಿದೆವು.

1935ರಲ್ಲಿ ಜಾಂಗನು ಸ್ವದೇಶಕ್ಕೆ ಮರಳಿದನು. ಬಳಿಕ ಯುದ್ಧ, ಕ್ರಾಂತಿ, ಪತ್ರವ್ಯವಹಾರವೂ ನಿಂತುಹೋಯಿತು. ಗೆಳೆಯನ ಸುದ್ದಿಯೇ ಇಲ್ಲದಿದ್ದ 1958-59ರಲ್ಲಿ ಎರ್ಜೆ ‘ಟಿಬೆಟ್ಟಿನಲ್ಲಿ ಟಿನ್‌ಟಿನ್’ ಕಥೆಯನ್ನು ಬರೆದನು. ಅದರಲ್ಲಿ ಚಾಂಗನಿದ್ದ ವಿಮಾನವು ಹಿಮಾಲಯದಲ್ಲಿ ಬಿದ್ದುಹೋಗುತ್ತದೆ. ಅವನು ಸತ್ತನೆಂದು ಎಲ್ಲರೂ ಹೇಳಿದರೂ ಟಿನ್‌ಟಿನ್ ಒಪ್ಪದೆ, ದೆಹಲಿ ಕಾಠ್ಮಂಡುಗಳ ಮಾರ್ಗವಾಗಿ ಹಿಮದೊಳಗೆ ಹುಡುಕುತ್ತ ಹೊರಡುತ್ತಾನೆ. ಆ ಕಥೆಯಲ್ಲಿ ದುಷ್ಟನೆಂಬುವನೇ ಇಲ್ಲ.

ನಿಜಜೀವನದ ಹುಡುಕಾಟ ಮುಗಿಯಲು ಇನ್ನೂ ಹಲವು ವರ್ಷಗಳು ಬೇಕಾದವು. 1981ರ ಮಾರ್ಚ್ 18ರಂದು ಬ್ರಸೆಲ್ಸಿನ ವಿಮಾನನಿಲ್ದಾಣದಲ್ಲಿ ಆ ಇಬ್ಬರು ವೃದ್ಧರು ಪರಸ್ಪರ ಆಲಿಂಗಿಸಿಕೊಂಡರು. ಎರಡು ವರ್ಷಗಳೊಳಗಾಗಿ, 1983ರ ಮಾರ್ಚ್ 3ರಂದು, ಎರ್ಜೆ ತೀರಿಕೊಂಡನು. ಜಾಂಗನು 1998ರವರೆಗೆ ಬದುಕಿದ್ದನು. ಗೆಳೆಯನ ಮುಖವನ್ನು ಅವನು ತನ್ನ ಕೈಯಿಂದಲೇ ಶಿಲ್ಪವಾಗಿ ರೂಪಿಸಿದ್ದಾನೆ.